ಹತ್ತು ಎಣಿಸುವಷ್ಟು ಹೊತ್ತು

ಟೀಚರ ಪಾದದ ಬಳಿ ಸಡಿಲಾಗಿದ್ದ ಬಿಳಿ ಬಟ್ಟೆಯ ಅಂಚನ್ನು ಒಳಕ್ಕೆ ಮಡಚುತ್ತಲೇ ಟೈಲರಮ್ಮ ಓರೆಗಣ್ಣಿನಿಂದ ಕೋಣೆಯನ್ನೆಲ್ಲ ಅಳೆದಳು. ತಾನು ಒಳಗೆ ಬಂದಾಗ ಯಾರ ಮಾತು ನಿಂತಿತು, ಯಾರು ಯಾರ ಕಿವಿಗೆ ಬಾಗಿದರು, ಒಂದೂ ಬಿಡಲಿಲ್ಲ. ಮೂವತ್ತು ವರ್ಷ ಬಟ್ಟೆ ಹೊಲಿದ ಕೈ, ಅಂಚು ಕಂಡರೆ ಸುಮ್ಮನಿರದು. ಮನಸ್ಸಿಗೂ ಅದೇ ಚಾಳಿ. ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ತಡಕುತ್ತಲೇ ಇರುವುದು.

ಬಂದವರೆಲ್ಲ ಟೀಚರನ್ನು ಹೊಗಳುವವರೇ. ಸತ್ತ ದಿನ ಯಾರು ತಾನೇ ಕೆಟ್ಟವರು, ಅಂದುಕೊಂಡಳು ಟೈಲರಮ್ಮ. ಮೂಲೆಯಲ್ಲಿ ಅವಳದೇ ಮಗಳು ನಿಂತು ಅಳುತ್ತಿದ್ದಳು. ಮೋಟಾರು ರಿಪೇರಿಯ ಅಂಗಡಿ ಇಟ್ಟಿರುವ ಇಪ್ಪತ್ತೇಳರ ಹುಡುಗಿ. ಬೀದಿಯವರಿಗೆಲ್ಲ ಅವಳು ಮೋಟಾರಮ್ಮ. ತನ್ನ ಅಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲ. ಇವಳನ್ನು ಆಳಿನಂತೆ ದುಡಿಸಿಕೊಂಡವರಿಗೆ ಇಷ್ಟೊಂದು ಕಣ್ಣೀರೇ ಎಂದು ತಾಯಿಯ ಹೊಟ್ಟೆ ಉರಿಯಿತು.

ಗಾಡಿ ಬರುವುದು ತಡವಾಗಿತ್ತು. ಟೀಚರ ಅಕ್ಕ ಮೂಗು ಒರೆಸಿಕೊಂಡು, "ನನ್ನ ತಂಗಿ ಹುಟ್ಟಿದ್ದೇ ಹದಿನೈದು ದಿನ ತಡವಾಗಿ. ಹೋಗೋವಾಗ ಮಾತ್ರ ಅವಸರ ಮಾಡ್ತಾಳಾ?" ಅಂದಳು. ನಾಲ್ಕು ಜನ ಅಳುತ್ತಲೇ ನಕ್ಕರು.

ಅಷ್ಟರಲ್ಲಿ ಲೈಬ್ರರಿ ಮೇಷ್ಟ್ರು ಬಂದರು. ಶಾಲೆಯ ಪುಸ್ತಕದ ಕೋಣೆಯನ್ನು ಬಾಳೆಲ್ಲ ಕಾದ ಮುದುಕ. ಕಂಕುಳಲ್ಲಿ ಒಂದು ಹಳೆಯ ಚಾಕ್‌ಪೀಸಿನ ಮರದ ಪೆಟ್ಟಿಗೆ. ಹದಿನೆಂಟು ವರ್ಷವಾದರೂ ಆ ಪೆಟ್ಟಿಗೆಯ ಗುರುತು ಟೈಲರಮ್ಮನಿಗೆ ಸಿಕ್ಕಿತು.

*

ಆಗ ಮಗಳು ನಾಲ್ಕನೇ ತರಗತಿ. ಬಾಯಲ್ಲಿ ಹೇಳೆಂದರೆ ಪಾಠವನ್ನೆಲ್ಲ ಒಪ್ಪಿಸುವಳು. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಅವಳಿಗೆ ಬೆನ್ನು ತಿರುಗಿಸುತ್ತಿದ್ದವು. ಟೈಲರಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಒಂದೇ ಪುಟವನ್ನು ಹತ್ತು ಸಲ ಬರೆಸುವಳು. ಮಗಳು ಓದುತ್ತಾ ಒಂದು ಪದದ ಮುಂದೆ ನಿಂತರೆ ಸಾಕು, ಇವಳೇ ಆ ಪದವನ್ನು ಹೇಳಿ ಮುಂದಕ್ಕೆ ತಳ್ಳುವಳು.

ಒಂದು ಸಂಜೆ ಟೀಚರು ಅಂಗಡಿಗೇ ಬಂದರು. ಹುಡುಗಿಯ ಬುದ್ಧಿಗೆ ಏನೂ ಆಗಿಲ್ಲ, ಅಕ್ಷರ ಅವಳ ಹತ್ತಿರ ಬರುವುದು ನಿಧಾನ, ಅಷ್ಟೇ ಎಂದರು. ಹತ್ತು ಸಲ ಬರೆಸುವುದನ್ನು ನಿಲ್ಲಿಸಿ, ಮರಳಿನಲ್ಲಿ ಬೆರಳಿಂದ ತಿದ್ದಿಸಿ ಎಂದು ಹೇಳಿಕೊಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ಅವಳು ತಡವರಿಸಿದಾಗ ನೀವು ಬಾಯಿ ಹಾಕಬೇಡಿ. ಮನಸ್ಸಲ್ಲೇ ಹತ್ತು ಎಣಿಸಿ," ಅಂದರು.

"ಹತ್ತು ಎಣಿಸೋದನ್ನ ಕಲಿಸೋಕೆ ಟೀಚರೇ ಬೇಕಾ," ಎಂದು ಅವರು ಹೋದ ಮೇಲೆ ಟೈಲರಮ್ಮ ಗಂಡನ ಮುಂದೆ ಗೊಣಗಿದಳು. "ಕಲಿಸೋಕೆ ಮೈಬಗ್ಗಲ್ಲ ಅಷ್ಟೇ."

ಆಮೇಲೆ ಪೆಟ್ಟಿಗೆಯ ಸುದ್ದಿ ಕಿವಿಗೆ ಬಿತ್ತು. ದಿನಾ ಮೂರನೇ ಪೀರಿಯಡ್ಡಿನಲ್ಲಿ, ಮಕ್ಕಳೆಲ್ಲ ಸರದಿಯಂತೆ ಎದ್ದುನಿಂತು ಓದುವ ಹೊತ್ತಿಗೆ, ಟೀಚರು ಇವಳ ಕೈಗೆ ಒಂದು ಭಾರದ ಪೆಟ್ಟಿಗೆ ಕೊಟ್ಟು ಲೈಬ್ರರಿಗೆ ಕಳಿಸುತ್ತಾರಂತೆ. ಮಗಳು ಅದನ್ನು ಹಿಗ್ಗಿನಿಂದ ಹೇಳಿದಳು. "ನನಗೊಬ್ಬಳಿಗೇ ಕೊಡೋದಮ್ಮಾ. ಬೇರೆ ಯಾರನ್ನೂ ನಂಬಲ್ಲ."

ಮರುದಿನ ಶಾಲೆಯ ಗೇಟಿನ ಬಳಿ ನಿಂತು, ಮಗಳು ಆ ಮರದ ಪೆಟ್ಟಿಗೆ ಹೊತ್ತು ಹೋಗುವುದನ್ನು ಕಣ್ಣಾರೆ ಕಂಡ ಟೈಲರಮ್ಮನಿಗೆ ಮೈಯೆಲ್ಲ ಬೆಂಕಿಯಾಯಿತು. ಕಲಿಯದ ಮಗು ಎಂದು ಹೊರಗೆ ಅಟ್ಟಿ ಮೂಟೆ ಹೊರಿಸುವುದೇ? ಹೆಸರು ಹಾಕದೆ ಒಂದು ದೂರು ಬರೆದು, ಲಕೋಟೆಗೆ ಅಂಟು ಹಚ್ಚಿ, ಹೆಡ್‌ಮೇಷ್ಟ್ರ ಮೇಜಿನ ಮೇಲಿಟ್ಟು ಬಾ ಎಂದು ಮಗಳ ಕೈಗೇ ಕೊಟ್ಟಳು. ಒಡೆದರೂ ಇವಳು ಓದಲಾರಳು ಎಂಬ ಧೈರ್ಯ. ವಿಚಾರಣೆ ಬರುತ್ತದೆ ಎಂದು ವರ್ಷವಿಡೀ ಕಾದಳು. ಬರಲಿಲ್ಲ. ಹೆಡ್‌ಮೇಷ್ಟ್ರೂ ಟೀಚರ ಗುಂಪಿನವರೇ ಎಂದು ತೀರ್ಮಾನಿಸಿದಳು.

*

ಮೇಷ್ಟ್ರು ನೇರ ಮಗಳ ಬಳಿಗೆ ಹೋದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಟೀಚರು ಕರೆಸಿ, ಇದನ್ನು ಇದರ ಒಡತಿಗೆ ತಲುಪಿಸಿ ಎಂದಿದ್ದರಂತೆ. ಟೈಲರಮ್ಮನೂ ಸೇರಿ ಮೂವರೂ ಹೊರಗಿನ ಮೆಟ್ಟಿಲಿಗೆ ಬಂದು ಕುಳಿತರು. ಮಗಳು ಮುಚ್ಚಳ ಸರಿಸಿದಳು. ಒಳಗೆ ಒಂದೊಂದಕ್ಕೂ ಕಾಗದ ಸುತ್ತಿದ ಕಲ್ಲುಗಳಿದ್ದವು. ಹೊಳೆಯ ನುಣುಪು ಕಲ್ಲುಗಳು.

"ಕಲ್ಲಾ?" ಟೈಲರಮ್ಮನ ದನಿ ಏರಿತು. "ಮಗು ಕೈಲಿ ಕಲ್ಲು ಹೊರಿಸಿದ್ರಾ?"

"ಭಾರ ಇದ್ರೆ ಕೆಲಸ ನಿಜ ಅನ್ಸುತ್ತಲ್ಲ, ಅದಕ್ಕೆ," ಅಂದರು ಮೇಷ್ಟ್ರು. ಓದುವ ಸರದಿ ಇವಳ ಬೆಂಚಿಗೆ ಬರುವ ಮುಂಚೆ ಪೆಟ್ಟಿಗೆ ಹೊರಡುತ್ತಿತ್ತು. ಲೈಬ್ರರಿಯಲ್ಲಿ ಬಾಗಿಲು ಹಾಕಿಕೊಂಡು, ನಗುವವರು ಯಾರೂ ಇಲ್ಲದ ಕಡೆ, ಮೇಷ್ಟ್ರ ಮುಂದೆ ಅವಳು ದಿನಕ್ಕೆ ಎರಡು ಸಾಲು ಓದಬೇಕು. ಎರಡೇ ಸಾಲು.

"ಕಲ್ಲು ಅಂತ ನಂಗೆ ಎರಡನೇ ವಾರಾನೇ ಗೊತ್ತಾಗಿತ್ತು," ಅಂದಳು ಮಗಳು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಡಿಸ್ತಿದ್ದೆ."

ಕಲ್ಲುಗಳ ಅಡಿಯಿಂದ ಮಗಳು ಒಂದು ಲಕೋಟೆ ಎತ್ತಿದಳು.

"ಅಯ್ಯೋ, ಇದು ಇನ್ನೂ ಇದೆಯಾ? ಹೆಡ್‌ಮೇಷ್ಟ್ರ ರೂಮಿಗೆ ಬೀಗ ಇತ್ತು. ಪೆಟ್ಟಿಗೇಲಿ ಹಾಕಿದ್ರೆ ಹೇಗೂ ತಲುಪುತ್ತೆ ಅಂದ್ಕೊಂಡೆ."

"ಟೀಚರು ಓದಿದ್ರು," ಎಂದರು ಮೇಷ್ಟ್ರು, ಬೀದಿಯ ಕಡೆ ನೋಡುತ್ತಾ. "ಓದಿ ಮಡಚಿ ಅಲ್ಲೇ ಇಟ್ರು. ಒಂದು ಕಲ್ಲು ಕಮ್ಮಿ ಇತ್ತು, ತೂಕ ಸರಿಹೋಯ್ತು ಅಂದ್ರು."

ಮಗಳು ಹಾಳೆ ಬಿಡಿಸಿದಳು. ಹಿಂಬದಿಯಲ್ಲಿ ಭುಜ, ತೋಳು, ಸೊಂಟ ಎಂಬ ಅಚ್ಚಿನ ಸಾಲುಗಳು, ಪೆನ್ಸಿಲ್ಲಿನ ಅಂಕಿಗಳು. "ಇದು ನಿನ್ನ ಅಳತೆ ಪುಸ್ತಕದ ಹಾಳೆ ಅಲ್ವಾ ಅಮ್ಮಾ?"

ಹೆಸರು ಹಾಕದ ದೂರನ್ನು ಅಳತೆ ಪುಸ್ತಕದ ಹಾಳೆಯಲ್ಲಿ ಬರೆದಿದ್ದಳು! ಊರಲ್ಲಿ ಯಾರು ನೋಡಿದರೂ ಗುರುತು ಹಿಡಿಯುತ್ತಿದ್ದರು. ಟೀಚರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆಮೇಲೂ ಅವರು ಹದಿನೆಂಟು ವರ್ಷ ಬಟ್ಟೆ ಹೊಲಿಸಲು ಇವಳ ಬಳಿಗೇ ಬಂದಿದ್ದರು. ಕೈ ಚಾಚಿ ನಿಂತು ಅಳತೆ ಕೊಟ್ಟಿದ್ದರು. ಆಗೆಲ್ಲ ಇವಳು ಅವರ ಮುಖದಲ್ಲಿ ತಪ್ಪು ಮಾಡಿದವರ ಅಳುಕು ಹುಡುಕಿದ್ದಳು.

"ಕೊಡಿಲ್ಲಿ," ಟೈಲರಮ್ಮ ಕೈ ಚಾಚಿದಳು. "ನಾನು ಓದಿ ಹೇಳ್ತೀನಿ."

"ಬೇಡಮ್ಮ, ನಾನೇ ಓದ್ತೀನಿ. ಗಾಡಿ ಇನ್ನೂ ಬಂದಿಲ್ಲವಲ್ಲ."

ಮೇಷ್ಟ್ರು ಎದ್ದು ಒಳಗೆ ಹೋದರು. ಮಗಳು ಹಾಳೆಯನ್ನು ಮೊಣಕಾಲ ಮೇಲೆ ಹರಡಿ, ಗ್ರೀಸಿನ ಕಲೆಯ ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟಳು.

"ಮಾ... ಮಾನ್ಯರೇ. ನಿಮ್ಮ ಶಾ... ಶಾಲೆಯ ಟೀಚರು ನಾಲ್ಕನೇ... ತರಗತಿಯ ಒಬ್ಬ..."

ಬೆರಳು ನಿಂತಿತು.

ಮುಂದಿನ ಪದ ಟೈಲರಮ್ಮನಿಗೆ ಗೊತ್ತು. ದಡ್ಡ ಹುಡುಗಿ. ಆ ಮಾತನ್ನು ಟೀಚರು ಎಂದೂ ಆಡಿರಲಿಲ್ಲ. ಬರೆದ ಕೈ ತನ್ನದು. ಬಾಯಿ ಹಾಕಿ ಬೇರೇನಾದರೂ ಹೇಳಿ ಮಗಳನ್ನು ಆ ಪದದಿಂದಾಚೆ ದಾಟಿಸಿಬಿಡಬಹುದು. ಬಾಳೆಲ್ಲ ಮಾಡಿದ್ದು ಅದನ್ನೇ.

ಬೀದಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿತು. ಒಳಗೆ ಕುರ್ಚಿಗಳು ಸರಿದವು. ಮಗಳು ತಲೆ ಎತ್ತಲಿಲ್ಲ. ಪದದ ಕೆಳಗೆ ಅವಳ ಬೆರಳು ನಿಧಾನವಾಗಿ ಹಿಂದೆ ಹೋಗಿ ಮತ್ತೆ ಮುಂದೆ ಬಂತು.

ಟೈಲರಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿ ಹಿಡಿದಳು. ಒಂದು, ಎರಡು, ಮೂರು.