ಇಂದ್ರಾಬಾಯಿಯ ಕೆನ್ನೆಯ ಬಣ್ಣ

೧.
ಇದನ್ನು ಮುಖದಿಂದ ಶುರು ಮಾಡಲೋ, ಸೀರೆಯಿಂದಲೋ, ನೀವೇ ಹೇಳಿ. ಮೊದಲ ಡ್ರಾಫ್ಟಿನಲ್ಲಿ "ಹಾಲುಬಿಳುಪಿನ ಮುಖದ ಇಂದ್ರಾಬಾಯಿ" ಎಂದು ಬರೆದಿದ್ದೆ. ಆಕೆಯ ಮಗಳು ಪಂಚಶೀಲಾ ಕಥೆಯೊಳಗಿನಿಂದಲೇ ತಡೆದಳು.

"ನೀವೂ ನಮ್ಮ ಅಂಗಡ್ಯಾಗಿನವರಂಗ ಮಾಡಿದ್ರಲ್ಲರಿ. ನಮ್ಮವ್ವನ್ನ ಒಮ್ಮೆರೆ ನೋಡೀರೇನು?"

ನೋಡಿರಲಿಲ್ಲ. ಡ್ರಾಫ್ಟು ಹರಿದೆಸೆದೆ. (ಹರಿಯುವುದೇನು ಬಂತು, ಡಿಲೀಟ್ ಒತ್ತಿದೆ.)

೨.
ಪಂಚಶೀಲಾ ಜತ್ತ ಪಟ್ಟಣದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ವೆಕ್ಟರ್ ಚಿತ್ರ ಬರೆಯುತ್ತಾಳೆ. ಅಂದರೆ ಕಂಪ್ಯೂಟರಿನ ಮೇಲೆ ಗೆರೆ ಎಳೆದು ಒಂದೊಂದು ಆಕಾರಕ್ಕೂ ಬಣ್ಣ ತುಂಬುವುದು. ಹುಟ್ಟುಹಬ್ಬವಿರಲಿ, ಶ್ರದ್ಧಾಂಜಲಿಯಿರಲಿ, ಅಲ್ಲಿ ಮೊದಲು ಮುಖ ಬೆಳ್ಳಗಾಗಬೇಕು, ಮಿಕ್ಕದ್ದು ಆಮೇಲೆ. ಯಾರೂ ಕೇಳಿದ್ದಲ್ಲ, ಕೈಗೆ ಹತ್ತಿದ ರೂಢಿ. ತಮ್ಮೂರು ಅಸಂಗಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಡುಗೆ ಮಾಡಿದ ಅವ್ವನ ಸತ್ಕಾರದ, ಅಂದರೆ ಸನ್ಮಾನದ, ಫ್ಲೆಕ್ಸಿಗೂ ಅವಳ ಕೈ ಅದನ್ನೇ ಮಾಡಿತು.

ಮೊಬೈಲಿನಲ್ಲಿ ನೋಡಿದ ಇಂದ್ರಾಬಾಯಿ, ಇಕಿ ಯಾರು ಅಂತ ಕೇಳಿದಳು. ಇವಳನ್ನು ಶಾಲೆಯ ಗೇಟಿಗೆ ಹಾಕುವುದಾದರೆ ಸತ್ಕಾರಕ್ಕೂ ಇವಳನ್ನೇ ಕರೆಯಿರಿ, ತಾನಂತೂ ಬರುವುದಿಲ್ಲ ಎಂದಳು.

ಪಂಚಶೀಲಾಳಿಗೆ ತಲೆ ಎತ್ತಲಾಗಲಿಲ್ಲ. (ನನಗೂ.)

೩.
(ಸ್ವಲ್ಪ ಟೆಕ್ನಿಕಲ್. ಹಾರಿಸಿದರೆ ನಷ್ಟ ನಿಮ್ಮದೇ.)
ಅವ್ವನ ಖರೆ ಬಣ್ಣ ಹಾಕಿದರೆ ಹಸಿರು ಸೀರೆಯ ಮುಂದೆ ಮುಖ ಕಾಣದಾಯಿತು. ನೆರಳಿಗೆ ಕಪ್ಪು ಹಾಕಿದರೆ ಕೆನ್ನೆಯಲ್ಲಿ ಜೀವವೇ ಇಲ್ಲ. ಮಾಲಕ ಅಶಪಾಕ, ಬೆಳ್ಳಗ ಮಾಡು, ಲಗೂನ ಮುಗೀತದ ಎಂದ. ಅವಳು ಕಪ್ಪನ್ನು ತೆಗೆದೇಬಿಟ್ಟಳು. ನೆರಳಿಗೆ ಬದನೆಕಾಯಿಯ ನೇರಳೆ, ಬೆಳಕಿಗೆ ಇಟ್ಟಂಗಿಯ ಕೆಂಪು. ಸೀರೆಯ ಹಸಿರನ್ನು ಒಂದಿಷ್ಟು ಗದ್ದದ ಕೆಳಗೆ, ಕೆನ್ನೆಯ ಕೆಂಪನ್ನು ಒಂದಿಷ್ಟು ಸೀರೆಯ ನೆರಿಗೆಗೆ ಹಂಚಿದಳು. ಎಲ್ಲಕ್ಕೂ ಒಂದೇ ಒಗ್ಗರಣೆ ಬಿದ್ದಂತೆ ಬಣ್ಣಗಳು ಒಂದಾದವು. ಕರಿ ಮುಖ ಹೊಳೆಯಿತು. ಹಿಂದೆ ಬಂದು ನಿಂತ ಅಶಪಾಕ ಅದನ್ನೇ ಪ್ರಿಂಟಿಗೆ ಕೊಟ್ಟ.

೪.
ಅಂತ್ಯಕ್ಕೆ ಎರಡು ಐಡಿಯಾ ಇದ್ದವು. ಇಂದ್ರಾಬಾಯಿ ಬರುವುದೇ ಇಲ್ಲ. ಅಥವಾ ಬಂದು, ಸೆರಗು ಬಾಯಿಗಿಟ್ಟು ಅಳುತ್ತಾಳೆ. ಪಂಚಶೀಲಾ ಎರಡನ್ನೂ ಒಪ್ಪಲಿಲ್ಲ. ತನ್ನವ್ವ ಹಾಗೆ ಅಳುವವಳಲ್ಲವಂತೆ. ಸರಿ, ನಡೆದದ್ದನ್ನೇ ಬರೆಯುತ್ತೇನೆ. ಇಂದ್ರಾಬಾಯಿ ಶಾಲೆಯ ಗೇಟಿಗೆ ಕಟ್ಟಿದ ಫ್ಲೆಕ್ಸಿನ ಮುಂದೆ ನಿಂತು, ಜೊತೆಗೆ ಬಂದಿದ್ದ ನೆರೆಮನೆಯ ಮಾಯಕ್ಕನಿಗೆ ಹೇಳಿದಳು:

"ಇಕೀನ ನಾನು. ಎಷ್ಟ್ ಚಲೋ ಅದೀನಿ ನೋಡ."

ಅತ್ತವನು ನಾನು. ಅಳುತ್ತಲೇ ಮುಕ್ತಾಯ ಎಂದು ಟೈಪ್ ಮಾಡತೊಡಗಿದೆ. ಪಂಚಶೀಲಾ ಬಿಡಲಿಲ್ಲ, ಬಾಗಿಲ ಕಡೆ ಕೈ ತೋರಿಸಿದಳು. ಅಂಗಡಿಯ ಕಟ್ಟೆಯ ಮೇಲೆ ಮಾಯಕ್ಕ ಕುಳಿತಿದ್ದಾಳೆ, ಅವಳ ಹಿಂದೆ ಇನ್ನೂ ಐದು ಹೆಂಗಸರು.

"ನನ್ನ ಚಿತ್ರಕ್ಕೂ ನನ್ನ ಬಣ್ಣಾನ ಹಾಕಬೇಕು ನೋಡವಾ," ಎನ್ನುತ್ತಿದ್ದಾಳೆ ಮಾಯಕ್ಕ.

ಮಾಯಕ್ಕನದು ಇನ್ನೂ ಗಾಢ ಬಣ್ಣ, ಸೀರೆ ಬೇರೆ ಗುಲಾಬಿ. ಸ್ವಲ್ಪ ಸುಮ್ಮನಿರಿ, ಪಂಚಶೀಲಾ ನೆರಳಿನ ಬಣ್ಣ ಹುಡುಕುತ್ತಿದ್ದಾಳೆ.