ಕಾರ್ತಿಕದ ಚಾಟ್ನಿ

ಮತ್ತೊಂದು ಕೊಂಬೆ ಬಿತ್ತು, ಎಲೆಗಳ ಸಮೇತ, ಬಿದ್ದ ಮೇಲೂ ಸ್ವಲ್ಪ ಹೊತ್ತು ಅಲ್ಲಾಡಿತು, ಎದ್ದು ಹೋಗಿ ತುದಿ ನೋಡುವುದೇನೂ ಬೇಡ, ಗೊತ್ತಿರುವುದನ್ನು ಮತ್ತೆ ನೋಡುವುದೇಕೆ, ಉಬ್ಬಿರುತ್ತದೆ, ಕಾರ್ತಿಕದಲ್ಲಿ ಮಾವಿನ ತುದಿ ಉಬ್ಬಲೇಬೇಕು, ಇನ್ನೊಂದು ತಿಂಗಳಿಗೆ ಅಲ್ಲಿಂದಲೇ ಹೂವು ಒಡೆಯುವುದು — ದೀಪಾವಳಿ ದಾಟಿದ ಮೇಲೆ ಮಾವಿಗೆ ಕತ್ತಿ ಮುಟ್ಟಿಸಬಾರದು ವಾರಿಜಾ, ಬಸುರಿಗೆ ಹೊಡೆದ ಹಾಗೆ, ಎಂದು ಅಮ್ಮ ಹೇಳುತ್ತಿದ್ದಳು, ಹೆಬ್ರಿಯ ಹಿತ್ತಲಲ್ಲಿ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಡಿಯುವುದಿದ್ದರೆ ಹಣ್ಣು ಮುಗಿದ ಕೂಡಲೇ ಕಡಿ, ಆಮೇಲೆ ಕೈ ಇಡಬೇಡ — ಕೇಳಿಸಿಕೊಂಡಿದ್ದೆ ಅಮ್ಮ, ಚೆನ್ನಾಗಿಯೇ ಕೇಳಿಸಿಕೊಂಡಿದ್ದೆ, ಅದಕ್ಕೇ ಇಷ್ಟು ದಿನ ಕಾದದ್ದು, ಜೂನಿನಲ್ಲಿ ಕಡಿಸಿದ್ದರೆ ಮರಕ್ಕೆ ಒಳ್ಳೆಯದಾಗುತ್ತಿತ್ತು, ಒಳ್ಳೆಯದು ಯಾರಿಗೆ ಬೇಕಾಗಿತ್ತು. ಗರಗಸ ನಿಂತಿತು, ಇನ್ನು ಇವನ ಬಾಯಿ ಶುರು, ಈ ಬಿಜಾಪುರದ ಸಂಗಪ್ಪನಿಗೆ ಕೈ ಆಡಿದಷ್ಟೂ ಬಾಯಿಯೂ ಆಡಬೇಕು, ಅವ್ವಾರ, ಗಿಡ ಭಾಳ ಕಸುವೈತ್ರಿ, ಹಿಂಗ ಸೊಕ್ಕಿದ ಗಿಡಕ್ಕ ಚಾಟ್ನಿ ಹೊಡದ್ರನ ದಾರಿಗೆ ಬರೂದು — ಚಾಟ್ನಿ ಎಂದರೆ ಅವರ ಕಡೆ ಕೊಂಬೆ ಸವರುವುದು, ದ್ರಾಕ್ಷಿ ತೋಟದ ಮಾತು — ಹೌದು ಮಾರಾಯರೇ, ಸೊಕ್ಕು ಉಂಟು, ನೀವು ಚೆನ್ನಾಗಿ ಇಳಿಸಿ, ಎಂದೆ, ಕೆಳಗಿನಿಂದ, ತಣ್ಣಗೆ, ಕೈಯಲ್ಲಿ ಚಹಾದ ಲೋಟ. ನನ್ನದೇ ಮರ. ಮದುವೆಯಾಗಿ ಬರುವಾಗ ಡಾಲ್ಡಾ ಡಬ್ಬದಲ್ಲಿ ಗಿಡವನ್ನು ತಂದವಳು ನಾನು, ಬಸ್ಸಿನಲ್ಲಿ ಇಡೀ ದಾರಿ ಮಡಿಲಲ್ಲಿಟ್ಟುಕೊಂಡು, ನನಗೆ ವಾಂತಿ ಬಂದರೂ ಡಬ್ಬ ಬಿಡಲಿಲ್ಲ, ಗಂಡ ನಗಾಡಿದ್ದರು, ಮುಂಬಯಿಯಲ್ಲಿ ಮಾವಿನಕಾಯಿ ಸಿಗುವುದಿಲ್ಲವಾ ಎಂದು, ಸಿಗುತ್ತದೆ, ಜೀರಿಗೆ ಪರಿಮಳದ ಈ ನಮ್ಮ ಕಾಡಿನ ಕಾಟುಮಾವು ಸಿಗುವುದಿಲ್ಲ. ದಹಿಸರ್ ಆಗ ಅರ್ಧ ಕಾಡು, ಈ ಸಣ್ಣ ಮನೆ, ಸುತ್ತ ಇಷ್ಟು ಜಾಗ, ಈಗ ನಾಲ್ಕೂ ಕಡೆ ಬಿಲ್ಡಿಂಗ್ ಎದ್ದು ನಮ್ಮ ಅಂಗಳಕ್ಕೆ ಬಿಸಿಲು ಬರುವುದೇ ಮಧ್ಯಾಹ್ನ ಒಂದಿಷ್ಟು ಹೊತ್ತು.

ಈ ಸಂಗಪ್ಪನನ್ನು ಹುಡುಕಿದ್ದು ನಾನೇ, ಹುಡುಕಿದ್ದಲ್ಲ, ಸಿಕ್ಕಿದ್ದು, ವಿಕ್ರೋಳಿಯಲ್ಲಿ ರುಕ್ಮಿಣಿಬಾಯಿಯ ಮನೆಗೆ ಹೋದಾಗ, ಅವಳ ಅಂಗಳದ ಪೇರಳೆ ಗಿಡ ಕಾಯಿ ಹೊತ್ತು ನೆಲ ಮುಟ್ಟುತ್ತಿತ್ತು, ಹೋದ ಸಲ ಒಬ್ಬ ಕನ್ನಡದವನು ಬಂದು ಬೋಳಿಸಿ ಹೋದ, ನಾನು ಆಗ ಅವನಿಗೆ ಬೈದೆ, ನೋಡಿ ಈಗ, ಎಂದಳು ರುಕ್ಮಿಣಿಬಾಯಿ, ಅಷ್ಟರಲ್ಲಿ ಅವನೂ ಬಂದ, ಕತ್ತರಿ ಗರಗಸಗಳ ಚೀಲ ಹೆಗಲಿಗೆ, ಊರಲ್ಲಿ ದ್ರಾಕ್ಷಿ ಚಾಟ್ನಿ ಮುಗಿಸಿ ಮುಂಬಯಿಗೆ ಬರುತ್ತಾನಂತೆ, ಬಂಗಲೆ, ಸೊಸೈಟಿಗಳ ಹಣ್ಣಿನ ಮರ ಸವರುವುದೇ ಕಸುಬು, ಪೇರಳೆ, ಲಿಂಬೆ, ದಾಳಿಂಬೆ. ದ್ರಾಕ್ಷಿ ಹೊಸ ಚಿಗುರಿನಲ್ಲಿ ಬಿಡುತ್ತದೆ, ಪೇರಳೆಯೂ ಹಾಗೇ, ಕಡಿದಷ್ಟೂ ಚಿಗುರು, ಚಿಗುರಿದಷ್ಟೂ ಕಾಯಿ. ಮಾವು ಹಾಗಲ್ಲ, ಅದಕ್ಕೆ ಬಲಿತ ತುದಿಯೇ ಬೇಕು, ತುದಿ ಹೋಯಿತೋ ಆ ವರ್ಷ ಎಲೆ ಮಾತ್ರ. ಮಾವು ಮಾಡಿ ಗೊತ್ತುಂಟಾ ನಿಮಗೆ, ಎಂದು ಕೇಳಿದೆ. ಯಾವ ಗಿಡಾ ಆದ್ರೂ ಒಂದರಿ ಅವ್ವಾರ, ಹಳೇದು ಹೋಗಬೇಕು, ಹೊಸಾದು ಬರಬೇಕು, ನಕ್ಕ, ಬಿಳಿ ಹಲ್ಲು, ಮನಸ್ಸಿನಲ್ಲಿ ಕಪಟವಿಲ್ಲದ ನಗು — ಬಾಯಿಗೆ ಹಾಕಿದ ಬಿಸ್ಕತ್ತು ಅಲ್ಲೇ ನಿಂತಿತು ನನಗೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅಂದರೆ ಇಂಥ ಕೋಲೇ ಬೇಕು, ನಂಬರ್ ಕೊಡಿ, ಎಂದೆ. ನಾಳೆ ಯಾರಾದರೂ ಕೇಳಿದರೆ ಕಡಿದವನು ಕಸುಬಿನವನು, ನಾನು ಮುದುಕಿ, ನನಗೆಂತ ಗೊತ್ತು.

ಹೊಟ್ಟೆಕಿಚ್ಚು ಎನ್ನುತ್ತೀರೇನೋ, ಹೌದು, ಹೊಟ್ಟೆಕಿಚ್ಚೇ, ಯಾರು ಕೇಳುತ್ತಿದ್ದಾರೆ ಇಲ್ಲಿ, ನನ್ನ ಹೊಟ್ಟೆ, ನನ್ನ ಕಿಚ್ಚು. ದಾದರಿನಲ್ಲಿ ನಮ್ಮ ಹೋಟೆಲು ಇದ್ದಷ್ಟು ಕಾಲ ಪ್ರತಿ ಊಟದ ತಟ್ಟೆಗೂ ನನ್ನ ಮಿಡಿ ಉಪ್ಪಿನಕಾಯಿ, ಈ ಮರದ ಎಳೆಯ ಮಿಡಿ, ತೊಟ್ಟು ಮುರಿಯದ ಹಾಗೆ ಕೊಯ್ದು, ಸೊನೆ ಒಂದು ಹನಿ ಹೋಗದ ಹಾಗೆ ಉಪ್ಪಿಗೆ ಹಾಕಿ, ಸಾಸಿವೆ ಅರೆದು ಅರೆದು ಭುಜ ಹೋಯಿತು, ಗಿರಾಕಿಗಳು ಕೇಳಿದರೆ ಗಂಡ ಗಲ್ಲಾಪೆಟ್ಟಿಗೆ ಹಿಂದೆ ಕೂತು ನಮ್ಮ ಮನೆಯದು, ಎನ್ನುತ್ತಿದ್ದರು, ಮನೆಗೆ ಹೆಸರುಂಟಾ, ಇರಲಿ, ಗಂಡ ಹೋದರು, ಹೋಟೆಲೂ ಹೋಯಿತು, ಅದಕ್ಕೂ ನಾನು ಅಳಲಿಲ್ಲ. ಇವಳು ಬಂದಳು, ಮಗ ಪ್ರೀತಮ್ ಮದುವೆಯಾಗಿ ತಂದ ಲಾವಣ್ಯಾ, ಮೊದಲ ವರ್ಷ ಉಪ್ಪಿನ ಬೋಗುಣಿ ಹಿಡಿದು ನಿಂತಳು, ಮಾಮಿ, ಎಷ್ಟು ಹಾಕ್ಬೇಕು, ಮಾಮಿ, ಕಬ್ ತಕ್, ಎಷ್ಟು ದಿನ ಇಡ್ಬೇಕು, ನಾನು ಬಾಯಿಬಿಟ್ಟು ಹೇಳಿದೆ, ಮಗಳಿಲ್ಲದವಳು ನಾನು, ಎಲ್ಲ ಹೇಳಿಕೊಟ್ಟೆ. ಆಮೇಲೆ ಬಾಟಲಿ ಬಂತು, ಬಾಟಲಿಗೆ ಚೀಟಿ ಬಂತು, ಚೀಟಿಯ ಮೇಲೆ ಅವಳ ಹೆಸರು, ಅವಳ ಫೋಟೋ, ಸೀರೆಯುಟ್ಟು, ಕೈಯಲ್ಲಿ ನನ್ನ ಅಮ್ಮನ ಭರಣಿ. ಫೋನಿನಲ್ಲಿ ಆರ್ಡರು, ವಾವ್ ಲಾವಣ್ಯಾ, ಕ್ಯಾ ಖುಶ್ಬೂ ಹೈ, ಎಂಥ ಪರಿಮಳ ಅಂತೆ. ನಾನು ಒಳಗೆ ಕೂತು ತೊಟ್ಟು ಬಿಡಿಸುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನನ್ನ ಕಾಲ ಯಾವಾಗ ಬಂದು ಹೋಯಿತೋ ನನಗಂತೂ ಗೊತ್ತಾಗಲಿಲ್ಲ. ಅದನ್ನೂ ನುಂಗುತ್ತಿದ್ದೆ, ಗಣೇಶ ಚೌತಿಯ ದಿನ ಪ್ರೀತಮ್ ಕಡುಬು ತಿನ್ನುತ್ತಾ, ತಟ್ಟೆಯಿಂದ ಮುಖ ಎತ್ತದೆ, ಅಮ್ಮ, ಈ ಸಲ ಮಿಡಿ ಚೆನ್ನಾಗಿ ಆದ್ರೆ ನಾವು ಮೀರಾ ರೋಡಿನಲ್ಲಿ ಫ್ಲ್ಯಾಟ್ ನೋಡ್ತೇವೆ, ಇವಳ ಧಂದಾಕ್ಕೆ ದೊಡ್ಡ ಕಿಚನ್ ಬೇಕು, ನೀವು ಇಲ್ಲೇ ಆರಾಮ ಇರಿ, ಮರ ಉಂಟಲ್ಲ, ನಾವು ಕಾಯಿ ಕೊಯ್ಲಿಕ್ಕೆ ಬರ್ತೇವೆ, ಎಂದ. ಕಾಯಿ ಕೊಯ್ಯಲಿಕ್ಕೆ ಬರುತ್ತಾರಂತೆ. ನನ್ನ ನೋಡಲಿಕ್ಕಲ್ಲ. ಅವತ್ತು ಅವರಿಬ್ಬರಿಗೂ ಇನ್ನೆರಡು ಕಡುಬು ಬಡಿಸಿದೆ, ತುಪ್ಪ ಹಾಕಿ.

ಬಿತ್ತು ಇನ್ನೊಂದು. ಮೂಡಣದ ಕಡೆ ಪೂರ್ತಿ ಬೋಳು, ಆಕಾಶ ಕಾಣುತ್ತದೆ, ಎದುರಿನ ಬಿಲ್ಡಿಂಗಿನವರ ಒಣಗಿದ ಬಟ್ಟೆ ಕಾಣುತ್ತದೆ, ಕಾಗೆಯೊಂದು ಬಂದು ಕೂರಲು ಜಾಗ ಹುಡುಕಿ ಹೋಯಿತು, ಹೋಗಲಿ, ಮರ ಸಾಯುವುದಿಲ್ಲವಲ್ಲ, ಒಂದು ವರ್ಷ ಬಂಜೆ, ಅಷ್ಟೇ, ಅಷ್ಟರಲ್ಲಿ ಗಿರಾಕಿಗಳು ಬೇರೆ ಬಾಟಲಿ ಹುಡುಕುತ್ತಾರೆ, ಮಾರ್ಕೆಟಿನ ಮಿಡಿ ಹಾಕಿ ನೋಡಲಿ, ಅದಕ್ಕೆ ಖುಶ್ಬೂ ಎಲ್ಲಿಂದ ತರುತ್ತಾಳೆ, ಫ್ಲ್ಯಾಟ್ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದದ್ದು ಹೋಯಿತು. ಸಂಜೆ ಬಂದು ನೋಡಿದಾಗ ಅವಳ ಮುಖ ಹೇಗಾಗಬಹುದು, ಮೊದಲು ಕಣ್ಣು, ಆಮೇಲೆ ತುಟಿ, ನಾನು ಹೇಳುವುದನ್ನು ಬೆಳಿಗ್ಗೆಯೇ ಕಟ್ಟಿಟ್ಟಿದ್ದೇನೆ, ಕರೆಂಟಿನ ತಂತಿಗೆ ತಾಗ್ತಿತ್ತು ಮಗಾ, ಎಂತ ಮಾಡುದು — ಗೇಟು. ಇಷ್ಟು ಬೇಗ ಯಾರು, ಅವಳೇ, ಆಫೀಸಿನಿಂದ ದೀಪ ಹಚ್ಚಿದ ಮೇಲೆ ಬರುವವಳು ಬಿಸಿಲಲ್ಲಿ ಬಂದಿದ್ದಾಳೆ, ಕಣ್ಣು ಕೆಂಪಾಗಿದೆ, ತಲೆ ಎತ್ತಿದಳು, ಬ್ಯಾಗು ಭುಜದಿಂದ ಜಾರಿತು, ಈಗ, ಈಗ ನೋಡಬೇಕು — ಮಾಮಿ, ಇದು ನೀವು ಮಾಡ್ಸಿದ್ದಾ. ತಂತಿಗೆ ತಾಗ್ತಿತ್ತು ಎಂದು ಶುರು ಮಾಡುವಷ್ಟರಲ್ಲಿ ಮೇಲಿನಿಂದ ಅವನು, ತಂಗ್ಯವ್ವಾ, ಈ ಸಲ ನೋಡ್ರಿ, ಕಾಯಿ ಹಿಡದ್ರ ಬುಟ್ಟಿ ಸಾಲೂದಿಲ್ಲ, ದುಪ್ಪಟ್ಟು ಬರ್ತೈತಿ. ಅವಳ ಮುಖ ಅರಳಿತು. ಮುಂಬಯಿಯ ಚಾಲಿನ ವಠಾರದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮಾವಿನಕಾಯಿಯನ್ನು ತಳ್ಳುಗಾಡಿಯ ಮೇಲೆ ನೋಡಿದವಳು, ನಂಬಿದಳು, ಸಚ್ಚಿ, ಡಬಲ್ ಬರ್ತದಾ, ಓಡಿ ಹೋಗಿ ಕಡಿದ ತುದಿಯೊಂದನ್ನು ಮುಟ್ಟಿದಳು, ಸೊನೆ ಒಸರುತ್ತಿತ್ತು, ಹೆಬ್ಬೆರಳಿಗೆ ಅಂಟಿತು, ಮೂಸಿದಳು, ನಕ್ಕಳು, ತಂದು ನನ್ನ ಮೂಗಿಗೆ ಹಿಡಿದಳು ಆ ಹೆಬ್ಬೆರಳನ್ನು, ಮಾಮಿ, ನೋಡಿ, ಸೇಮ್ ನಮ್ಮ ಉಪ್ಪಿನಕಾಯಿ ವಾಸನೆ.

ಜೀರಿಗೆ. ಹೆಬ್ರಿಯ ಹಿತ್ತಲು. ಅವಳು ಮಾತಾಡುತ್ತಲೇ ಇದ್ದಾಳೆ, ಮಾಮಿ, ನಾನು ಇವತ್ತು ರಿಸೈನ್ ಮಾಡಿ ಬಂದೆ, ಸಬ್ ಖತಮ್, ಇನ್ನು ಬರೇ ಉಪ್ಪಿನಕಾಯಿ, ಲೋಕಲ್‌ನಲ್ಲಿ ಪೂರಾ ರಾಸ್ತಾ ಅತ್ಕೊಂಡು ಬಂದೆ, ಗಲತ್ ಮಾಡಿದ್ನಾ ಅಂತ, ನಿಮಗೆ ನನ್ನ ಈ ಉಪ್ಪಿನಕಾಯಿ ಧಂದಾ ಇಷ್ಟ ಇಲ್ಲ ಅಂತ ಪ್ರೀತಮ್ ಹತ್ರ ಎಷ್ಟು ಸಲ ಹೇಳಿದ್ದೆ, ಇಲ್ಲಿ ನೋಡಿದ್ರೆ ನೀವು ನನಗೋಸ್ಕರ ಡಬಲ್ ಕಾಯಿ ಬರೋ ಹಾಗೆ ಮಾಡಿಸ್ತಿದ್ದೀರಿ. ನೌಕರಿ ಬಿಟ್ಟಳು. ನಾನು ಕೇಳಿದ್ದು ಅಷ್ಟಲ್ಲ, ಉಪ್ಪಿನಕಾಯಿ ಸತ್ತರೆ ಸಾಕಿತ್ತು, ಈಗ ಇವಳಿಗೆ ಅದೂ ಇಲ್ಲ, ಇದೂ ಇಲ್ಲ, ಬೆಳಗಿಂದ ರಾತ್ರಿಯವರೆಗೆ ನನ್ನ ಅಡುಗೆಮನೆಯಲ್ಲೇ, ನನ್ನ ಕಣ್ಣೆದುರೇ, ಎಲ್ಲಿಗೂ ಹೋಗುವ ಹಾಗಿಲ್ಲ. ಸಂಗಪ್ಪ ಕೇಳುತ್ತಿದ್ದಾನೆ, ಅವ್ವಾರ, ಪಡುವಣದ ಈ ಕೊಂಬಿ ಒಂದ ಉಳೀತ್ರಿ, ತಗೀಲೇನು. ಅದೊಂದರಲ್ಲಿ ತುದಿಗಳಿವೆ, ಉಬ್ಬಿದ ತುದಿಗಳು, ಭರಣಿ ತುಂಬುವಷ್ಟಾದರೂ ಆಗುತ್ತದೆ, ಗಿರಾಕಿಗಳನ್ನು ಒಂದು ವರ್ಷ ಹಿಡಿದುಕೊಳ್ಳಬಹುದು, ಬೇಡ ಎನ್ನಬೇಕು, ಎರಡಕ್ಷರ, ನಾಲಗೆಯ ಮೇಲೇ ಇದೆ. ಕಾಟೋ ಭಯ್ಯಾ, ಪೂರಾ ಕಾಟೋ, ಎಲ್ಲ ಕಡೀರಿ, ಅವಳೇ ಕೂಗಿದಳು, ತಲೆ ಎತ್ತಿ, ನಗುತ್ತಾ. ಅವನು ಗರಗಸ ಇಟ್ಟು ನನ್ನ ಮುಖ ನೋಡುತ್ತಿದ್ದಾನೆ, ಕರೆಸಿದವಳು ನಾನಲ್ಲವೇ. ನನ್ನನ್ನೆಂತ ನೋಡ್ತೀರಿ, ಇನ್ನು ಯಜಮಾನ್ತಿ ಅವಳೇ, ಅವಳು ಹೇಳಿದ ಹಾಗೆ ಮಾಡಿ, ಎಂದೆ, ಸ್ವರ ಎಷ್ಟು ಸಿಹಿಯಾಗಿತ್ತೆಂದರೆ ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು. ಗರಗಸ ಶುರುವಾಯಿತು. ಸೊನೆ ಸುಡುತ್ತದೆ, ಒರೆಸಿಕೋ, ಎನ್ನಬಹುದಿತ್ತು, ಅನ್ನಲಿಲ್ಲ, ಅವಳು ಮತ್ತೆ ಆ ಹೆಬ್ಬೆರಳನ್ನು ಮೂಗಿಗೆ ಹಿಡಿಯುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಕೊಂಬೆ ಬಿತ್ತು, ಮತ್ತೆ ಹಿಡಿಯುತ್ತಾಳೆ, ಸೊನೆ ಹತ್ತಿದ ಹೆಬ್ಬೆರಳು, ನನ್ನ ಮೂಗಿನ ಹತ್ತಿರ, ಅವಳ ಮೂಗಿನ ಹತ್ತಿರ, ಆ ಹೆಬ್ಬೆರಳು