ಚಕ್ರವಿಲ್ಲದವರು

“ಕುಂಡೆ ಕುಣಸ್ಬೇಡ್ರೋ, ರಂಡೆ ಮಕ್ಳಾ. ಚಾ ಚೆಲ್ತು.”

ಹರಿಹರ ಹೆಗಡೆಯವರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕುರ್ಚಿ ನಮ್ಮ ನಾಲ್ವರ ಹೆಗಲ ಮೇಲಿತ್ತು. ಕುಮಟೆಯ ಹಳೇಪೇಟೆಯಲ್ಲಿ ಅರ್ಧ ಅಂಗಡಿಗಳು ಅವರವು. ಪೇಟೆಯ ಅಂದ ಉಳಿಸಲೆಂದು ಒಳಗೆ ವಾಹನ ನಿಷೇಧಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಎರಡೂ ತುದಿಗೆ ಸರಪಳಿ ಬಿದ್ದ ಮೇಲೆ ಎಂಥ ಶಾಂತಿಯೆಂದರೆ, ದರ ಕೇಳಿದ ಗಿರಾಕಿಯ ಎದೆಬಡಿತ ಎದುರಂಗಡಿಗೆ ಕೇಳುತ್ತಿತ್ತು. ಒಣಮೀನಿನ ಅಂಗಡಿಯಲ್ಲಿ ಈಗ ಪರಿಮಳದ ಮೇಣದಬತ್ತಿ ಮಾರುತ್ತಾರೆ. ಅದಕ್ಕೂ ಮೀನಿನದೇ ವಾಸನೆ.

ನನ್ನ ಕೈಗಾಡಿಯನ್ನೂ ಕಿತ್ತುಕೊಂಡರು. ಅದಕ್ಕೆ ಚಕ್ರವಿತ್ತಲ್ಲ. ಮಣ್ಣು ತುಂಬಿ, ಹೂಗಿಡ ನೆಟ್ಟು, ಅಕ್ಕಿ ಅಂಗಡಿಯ ಎದುರು ನಿಲ್ಲಿಸಿದರು. ಪ್ರವಾಸಿಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಚಕ್ರವಿಲ್ಲ. ಹಾಗಾಗಿ ನಾನು ಕಾನೂನುಬದ್ಧ. ಹೆಗಡೆಯವರಿಗೆ ಮಂಡಿನೋವು. ಅವರನ್ನು ಹೊತ್ತು ನನ್ನ ಹೆಗಲಲ್ಲಿ ಎದ್ದ ಗಂಟನ್ನು ಒಂದು ಕಾಗೆ ಗೂಡಿಗೆಂದು ನೋಡಿಕೊಂಡು ಹೋಗಿದೆ.

ಅಕ್ಕಿ ಅಂಗಡಿಯ ಮುಂದೆ ಜನ ಸೇರಿದ್ದರು. ಲಕ್ಕಿ ಬಿದ್ದಿದ್ದಳು. ಲಾರಿ ಸರಪಳಿಯಾಚೆಯೇ ನಿಲ್ಲುವುದರಿಂದ ಮೂಟೆಗಳು ಅವಳ ತಲೆಯ ಮೇಲೆ ಬರುತ್ತಿದ್ದವು. ಈ ಸಲ ಮೂಟೆ ಎದೆಯ ಮೇಲೆ ಬಿದ್ದಿತ್ತು. ಬಾಯಿಯಲ್ಲಿ ರಕ್ತ. ನನ್ನ ಪಕ್ಕ ಹೆಗಲು ಕೊಟ್ಟಿದ್ದ ವೆಂಕ್ಟ್ರಮಣ ಅವಳ ಮಗ.

“ರಿಕ್ಷಾ ಕರೀರಾ,” ಎಂದ.

“ಬಂದು ನಿಂತದೆ. ಕಾವಲಿನ ಅರುಣ ಸರಪಳಿ ತೆಗೂದಿಲ್ಲ ಅಂತ. ಅಧ್ಯಕ್ಷರು ಹೇಳ್ಬೇಕಂತೆ,” ಎಂದ ಗುಂಪಿನಲ್ಲೊಬ್ಬ.

ಎಲ್ಲರೂ ಕುರ್ಚಿಯತ್ತ ತಲೆಯೆತ್ತಿದರು.

“ಇವತ್ತು ಇವಳಿಗೆ ಬಿಟ್ರೆ ನಾಳೆ ಊರೇ ಗಾಡಿ ತಗಂಡು ಬತ್ತು,” ಎಂದರು ಹೆಗಡೆ. “ಮೊದ್ಲು ನನ್ನ ಮನೆ ಮುಟ್ಟಿಸಿ. ಆಮೇಲೆ ಅವಳ ಹೊತ್ಕಂಡು ಹೋಗಿ.”

ಕುರ್ಚಿ ಇಳಿಸಿದೆವು.

“ಇಳೀರಿ ಒಡ್ಯಾ,” ಎಂದ ವೆಂಕ್ಟ್ರಮಣ.

“ಎಂತಾ?”

“ಇಳಿಯಾ, ಬೋಳಿಮಗನೆ.”

ಇಳಿಯಲಿಲ್ಲ. ಎತ್ತಿ ನನ್ನ ಗಾಡಿಯ ಹೂಗಳ ನಡುವೆ ಕೂರಿಸಿದೆವು. ಅಭ್ಯಾಸದ ಭಾರ, ಕಷ್ಟವಾಗಲಿಲ್ಲ. ಪ್ರವಾಸಿಯೊಬ್ಬಳು ಫೋಟೋ ತೆಗೆದಳು.

ಲಕ್ಕಿಯನ್ನು ಕುರ್ಚಿಯಲ್ಲಿ ಕೂರಿಸಿ, ವಾಲದಂತೆ ಟವೆಲಿನಿಂದ ಕಟ್ಟಿ, ಹೊತ್ತು ಓಡಿದೆವು. ಅರುಣ ಬಗ್ಗಿ ಕುರ್ಚಿಯ ಕಾಲು ನೋಡಿದ. ಚಕ್ರವಿರಲಿಲ್ಲ. ಸರಪಳಿ ಇಳಿಸಿದ.

ರಿಕ್ಷಾದವನು ಅವಳ ಮೂಗಿನ ಕೆಳಗೆ ಬೆರಳಿಟ್ಟ. ಹೋಗಿ ಇಂಜಿನ್ ಆರಿಸಿದ.

“ಇನ್ನೆಂತಕ್ಕೆ ಮಾರಾಯಾ.”

ವೆಂಕ್ಟ್ರಮಣ ಹೆಗಲು ತಗ್ಗಿಸಲಿಲ್ಲ. ನಾವೂ ತಗ್ಗಿಸಲಿಲ್ಲ. ನೇರ ಹೆದ್ದಾರಿಗೆ ನಡೆದು, ನಟ್ಟನಡುವೆ ಕುರ್ಚಿ ಇಳಿಸಿದೆವು. ಹೊನ್ನಾವರದ ಕಡೆಯಿಂದ ಬಂದ ಬಸ್ಸು ನಿಂತಿತು. ಅದರ ಹಿಂದೆ ಲಾರಿ, ಟ್ಯಾಂಕರ್, ಕಾರು. ಸಾಲು ಮಂಕಿ ದಾಟಿತ್ತೆಂದು ಆಮೇಲೆ ಯಾರೋ ಹೇಳಿದರು. ನಾನು ಭಟ್ಕಳ ಎನ್ನುತ್ತೇನೆ.

“ಯಾವಾಗ ಬಿಡ್ತ್ರಿ?” ಬಸ್ಸಿನ ಡ್ರೈವರ್ ಕೇಳಿದ.

“ಅಧ್ಯಕ್ಷರು ಹೇಳ್ಬೇಕು,” ಎಂದ ವೆಂಕ್ಟ್ರಮಣ, ತಾಯಿಯ ಸೆರಗು ಸರಿಮಾಡುತ್ತ.

ಇಂಜಿನ್ನುಗಳು ಒಂದೊಂದಾಗಿ ಆರಿದವು. ಪೇಟೆಯೊಳಗಿನಂಥದೇ ಶಾಂತಿ. ಪೊಲೀಸ್ ಜೀಪಿಗೂ ದಾರಿಯಿರಲಿಲ್ಲ. ಅವರು ಇಳಿದು, ಲಾಠಿ ಹಿಡಿದು, ನಡೆದೇ ಬರುತ್ತಿದ್ದರು. ಬೂಟಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.